ನೆರಳಿನ ನಿಸಬತ್

ಅಮ್ಮಿ ತೀರಿಹೋದ ಮೇಲೆ ಗುಲನಾಜಳನ್ನು ಅವಳ ತಂದೆ ಜಹೀರುದ್ದೀನ ಆಳಂದದಿಂದ ಕರೆತಂದು, ಇಜೇರಿ ಹತ್ತಿರದ ಹಳ್ಳಿಯಲ್ಲಿದ್ದ ತನ್ನ ತಾಯಿ, ಅವಳ ದಾದಿ ಶರೀಫಾಬಿಯ ಬಳಿ ಬಿಟ್ಟ. ಅವನು ಲಾರಿ ಓಡಿಸುವವನು. ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉರ್ದು ಶಾಲೆಯಲ್ಲಿ ಓದುತ್ತಿದ್ದ ಹುಡುಗಿ ಇಲ್ಲಿ ಕನ್ನಡ ಶಾಲೆಯ ಏಳನೇ ತರಗತಿಗೆ ಸೇರಿದಳು. ಮಾತಿನ ಕನ್ನಡ ಬರುತ್ತಿತ್ತು, ಪುಸ್ತಕದ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ.

ಒಂದು ದಿನ ಗಣಿತದ ಅನುರಾಧಾ ಟೀಚರ್ ಹಲಗೆಯ ಮೇಲೆ ‘ಅನುಪಾತ’ ಎಂದು ಬರೆದು, ಕೆಳಗೆ 4:3 ಎಂದು ಬರೆದರು.

“ಹಿಂಗಂದ್ರ ಏನು? ಯಾರು ಹೇಳ್ತೀರಿ?”

ಅಂಕಿ ನೋಡಿದ ಕೂಡಲೇ ಗುಲನಾಜಳಿಗೆ ಉರ್ದು ಶಾಲೆಯಲ್ಲಿ ಕಲಿತ ಪದ ಹೊಳೆಯಿತು. “ನಿಸಬತ್ ರೀ ಮೇಡಂ.”

ಮುಂದಿನ ಬೆಂಚಿನ ಮಸೂದ ಬಿದ್ದು ಬಿದ್ದು ನಕ್ಕ. “ನಮ್ಮನ್ಯಾಗ ನಿಸಬತ್ ಅಂದ್ರ ಲಗ್ನ ಗಟ್ಟಿ ಮಾಡೂದ್ರಿ ಮೇಡಂ!”

ಇಡೀ ತರಗತಿ ನಕ್ಕಿತು. ಟೀಚರ್ ಗದರಿದರು. ಆದರೆ ಆ ಪದ ಅವರಿಗೂ ಗೊತ್ತಿರಲಿಲ್ಲ, ಪಾಠ ಮುಂದುವರಿಸಿದರು. ಅಂದಿನಿಂದ ಹುಡುಗಿಯರು “ಯಾರ ಜೋಡಿ ನಿಸಬತ್ ಆತಬೇ?” ಎಂದು ಕಾಡಿಸತೊಡಗಿದರು. ಗುಲನಾಜ ಮಾತೇ ಬಿಟ್ಟಳು. ಬಿಸಿಯೂಟದ ತಟ್ಟೆ ಹಿಡಿದು ಧ್ವಜಕಂಬದ ಕಟ್ಟೆಯ ಮೇಲೆ ಒಬ್ಬಳೇ ಕೂರುತ್ತಿದ್ದಳು.

ಗಣರಾಜ್ಯೋತ್ಸವಕ್ಕೆ ನಾಲ್ಕು ದಿನವಿದ್ದಾಗ ಕಂಬದ ಹಗ್ಗ ಹರಿಯಿತು. ಹೆಡ್‌ಮಾಸ್ತರ್ ಶಾಂತಲಿಂಗಪ್ಪನವರು ಕತ್ತೆತ್ತಿ ನೋಡುತ್ತ ನಿಂತರು. “ಜೇವರ್ಗಿಯಿಂದ ಹೊಸಾದು ತರಸ್ಬೇಕು. ಉದ್ದ ಎಷ್ಟಂತ ಹೇಳೂದು? ಈ ಕಂಬ ಅಳದವರು ಯಾರದಾರ?”

ಅಲ್ಲೇ ಕೂತಿದ್ದ ಗುಲನಾಜ ಕಂಬದ ನೆರಳಿನತ್ತ ನೋಡಿದಳು. ಅವರು ಹೋದ ಮೇಲೆ ನಾಲ್ಕು ಗೇಣಿನ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆದಳು: ಮೂರು ಗೇಣು. ಕಂಬದ ನೆರಳು ಹದಿನೆಂಟು. ಮೂರಕ್ಕೆ ನಾಲ್ಕಾದರೆ ಹದಿನೆಂಟಕ್ಕೆ ಇಪ್ಪತ್ನಾಲ್ಕು. ಹಗ್ಗ ಮೇಲೆ ಹೋಗಿ ಕೆಳಗೆ ಬರಬೇಕು. ಅಂದರೆ ನಲವತ್ತೆಂಟು, ಗಂಟಿಗೆ ಇನ್ನೆರಡು. ಚೀಟಿಯಲ್ಲಿ ಬರೆದು ಟೀಚರ್ ಮೇಜಿನ ಮೇಲಿಟ್ಟಳು. ಹೆಸರು ಹಾಕಲಿಲ್ಲ.

ಟೀಚರ್ ಅಕ್ಷರ ಗುರುತಿಸಿದರು. ಮರುದಿನ ಬೆಳಿಗ್ಗೆ ಅವಳನ್ನು ಕಂಬದ ಬಳಿ ಕರೆದೊಯ್ದು ಮತ್ತೆ ಅಳೆಸಿದರು.

“ನಿನ್ನೆ ಹದಿನೆಂಟಂತ ಬರದಿದ್ದಿ. ಇವತ್ತು ಮೂವತ್ತಾರದಲ್ಲ?”

“ಕೋಲಿನ ನೆರಳೂ ಆರಾಗ್ಯದ್ರಿ ಮೇಡಂ. ನೆರಳು ಎಷ್ಟ್ ಬೆಳದ್ರೂ ಎರಡರ ನಿಸಬತ್…” ಎಂದವಳು ತಟ್ಟನೆ ನಿಲ್ಲಿಸಿದಳು.

“ಹೇಳವ್ವಾ. ನಿಸಬತ್ ಅಂದ್ರೂ ಅನುಪಾತ ಅಂದ್ರೂ ಒಂದೇ. ಅವತ್ತು ನನಗ ಗೊತ್ತಿರಲಿಲ್ಲ.”

“…ಒಂದೇ ಇರ್ತದ್ರಿ” ಎಂದಳು ಗುಲನಾಜ ನೆಲ ನೋಡುತ್ತ.

ಅವಳ ಅಳತೆಗೆ ತರಿಸಿದ ಹಗ್ಗ ಸರಿಹೋಯಿತು. ಇಪ್ಪತ್ತಾರರಂದು ಧ್ವಜ ತುದಿ ಮುಟ್ಟಿ ಬಿಚ್ಚಿಕೊಂಡಿತು. ಹೆಡ್‌ಮಾಸ್ತರರು ಭಾಷಣದಲ್ಲಿ ಹಗ್ಗ ತಂದ ಗುರಣ್ಣನನ್ನು ನೆನೆದರು. ಸಾಲು ನಿಲ್ಲಿಸುತ್ತಿದ್ದ ಟೀಚರ್ ದೂರದಿಂದ ಗುಲನಾಜಳತ್ತ ನೋಡಿ ನಕ್ಕರು, ಅಷ್ಟರಲ್ಲಿ ಯಾರೋ ಅವರನ್ನು ಕರೆದರು. ಸಿಹಿ ತಿಂದು ಮಕ್ಕಳು ಇಬ್ಬಿಬ್ಬರಾಗಿ, ಮೂವರಾಗಿ ಮನೆಗೆ ಹೊರಟರು. ಇವಳು ಒಬ್ಬಳೇ ನಡೆದಳು.

ಮನೆಯಲ್ಲಿ ದಾದಿ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಕಿವಿ ಮಂದ. “ಝಂಡಾ ಹಾರಿಸಿದ್ರೇನು ಬೇಟಿ?”

“ಹೂಂ ದಾದಿ. ಹಗ್ಗ ಬರೋಬ್ಬರಿ ಆತು.”

“ಯಾವ ಹಗ್ಗ?”

ಗುಲನಾಜ ಹೇಳಲು ಹೊರಟಳು. ನೆರಳು, ಕೋಲು, ಗೇಣು ಎಲ್ಲವನ್ನೂ ಕೂಗಿ ಹೇಳಬೇಕಿತ್ತು. “ಏನಿಲ್ಲ ದಾದಿ” ಎಂದು ಅಬ್ಬಾನಿಗೆ ಫೋನು ಹಚ್ಚಿದಳು. “ಗಾಡಿ ಓಡಸಾಕತ್ತೇನಿ, ಆಮ್ಯಾಲ ಮಾತಾಡ್ತೇನಿ” ಎಂದು ಅವನು ಇಟ್ಟ.

ಗುಲನಾಜ ಹೊಸ್ತಿಲಿಗೆ ಬಂದು ಕೂತಳು. ಗಣಿತದ ಪುಸ್ತಕ ತೆಗೆದು ಮುಂದಿನ ಲೆಕ್ಕಕ್ಕೆ ಕೈ ಹಾಕಿದಳು.