ಗಿಡ್ಡಪ್ಪ ಮೇಸ್ತ್ರಿ ಹೇಳಿದ ಅಂದಾಜು

“ಆ ಕಡೆ ನೀವು ಹಿಡೀರಿ,” ಎಂದ ಸತ್ತವನ ಮಗ ಶಿವಮೂರ್ತಿ. ಬಕ್ಕೇಶ್ ಚಟ್ಟದ ಬಿದಿರಿಗೆ ಹೆಗಲು ಕೊಟ್ಟ. ಗಾರೆ ಮೇಸ್ತ್ರಿ ಗಿಡ್ಡಪ್ಪ ಹಗುರವಾಗಿದ್ದ.

ಅಷ್ಟರಲ್ಲಿ ಆಟೋ ಇಳಿದು ನಿರ್ಮಲಮ್ಮ ಬಂದರು. ದಾವಣಗೆರೆಯಿಂದ ಹರಿಹರದವರೆಗೂ ಹಾರವನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು. ಚಟ್ಟ ಇಳಿಸಿದಾಗ ಹೆಣಕ್ಕೆ ಹಾಕಿ, ಪಕ್ಕದ ಹೆಂಗಸಿಗೆ, “ಈ ಮನುಷ್ಯ ಇಲ್ದಿದ್ರೆ ನಾನು ಇವತ್ತು ಬಾಡಿಗೆ ಮನ್ಯಾಗೆ ಇರ್ತಿದ್ದೆ,” ಎಂದರು. ಬಕ್ಕೇಶನ ಕಡೆ ತಿರುಗಿಯೂ ನೋಡಲಿಲ್ಲ.

*

ಹಳೆಯ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವುದು ಬಕ್ಕೇಶನ ಕಸುಬು. ಕೊಳ್ಳುವ ಮುಂಚೆ ಗಿಡ್ಡಪ್ಪನನ್ನು ಕರೆಸುತ್ತಿದ್ದ. ಮುದುಕ ಬರಿಗಾಲಲ್ಲಿ ಅಡ್ಡಾಡಿ ನೆಲದ ತಂಪು ನೋಡುವನು, ಮಾಳಿಗೆ ಹತ್ತುವನು, ಬಚ್ಚಲ ಗೋಡೆಯನ್ನು ಉಗುರಿನಿಂದ ಕೆರೆಯುವನು. ರಿಪೇರಿಗೆ ಇಷ್ಟು ಎಂದರೆ ಅಷ್ಟೇ ಆಗುತ್ತಿತ್ತು. “ಇನ್ನೊಂದಿಷ್ಟು ಕೈಯಾಗೆ ಇಟ್ಕೊಳ್ರಿ. ಗ್ವಾಡೆ ಒಡೆಯೋ ತನಕ ಒಳಗೇನೈತೋ ಯಾರಿಗ್ ಗೊತ್ತು,” ಎನ್ನುವನು.

ಆರು ವರ್ಷದ ಹಿಂದೆ ಕೆ.ಬಿ. ಬಡಾವಣೆಯ ನಿರ್ಮಲಮ್ಮನವರ ಮನೆ ನೋಡಲು ಹೋಗುವಾಗ ಬಕ್ಕೇಶ್ ಕಾರಿನಲ್ಲೇ ಹೇಳಿಕೊಟ್ಟಿದ್ದ: “ರಿಪೇರಿ ಹನ್ನೆರಡು ಲಕ್ಷ ಅನ್ನು. ಆಯಮ್ಮ ರೇಟು ಇಳಿಸ್ತಾಳೆ.”

ಗಂಡ ಸತ್ತು ಮೂರು ತಿಂಗಳಾಗಿತ್ತು. ಆಕೆ ಚಹಾ ಕೊಟ್ಟು, “ಎಷ್ಟಾಗುತ್ತಪ್ಪಾ?” ಎಂದು ಕೇಳಿದರು.

ಗಿಡ್ಡಪ್ಪ ಚಹಾ ಮುಗಿಸಿ ಲೋಟ ಕೆಳಗಿಟ್ಟ. “ನಾಕೂವರೆ, ಅಮ್ಮಾ. ತೊಲೆ ಗಟ್ಟಿ ಅದಾವೆ. ಬಚ್ಚಲ ನೀರಿಗೆ ದಾರಿ ಮಾಡಿದ್ರೆ ಮನಿ ಇನ್ನೂ ನಲವತ್ ವರ್ಷ ಇರ್ತೈತೆ.”

ಆಕೆ ಮಾರಲಿಲ್ಲ.

“ಯಾರ್ ದುಡ್ಡು ತಿಂದು ಯಾರ್ ಪರ ಮಾತಾಡ್ದಿ?” ಎಂದು ಬಕ್ಕೇಶ್ ಕಾರಿನಲ್ಲಿ ರೇಗಿದ. ಗಿಡ್ಡಪ್ಪ ಅಂದಿನ ಕೂಲಿಯನ್ನು ಸೀಟಿನ ಮೇಲಿಟ್ಟು ಇಳಿದು ಹೋದ. ಬಕ್ಕೇಶ್ ಮತ್ತೆ ಅವನನ್ನು ಕರೆಯಲಿಲ್ಲ.

*

ಮಣ್ಣು ಮಾಡಿ ಬಂದವರು ದೀಪ ನೋಡಿ ಹೊರಟರು. ಬಕ್ಕೇಶನನ್ನು ಶಿವಮೂರ್ತಿ ನಿಲ್ಲಿಸಿಕೊಂಡ.

“ಅಪ್ಪನ ಮನಿ ನೀವೇ ತಗೊಂಬಿಡ್ರಿ. ನಾನು ದೇವರಾಜ ಅರಸು ಬಡಾವಣ್ಯಾಗೆ ಬಾಡಿಗೆ ಕಟ್ಟಿ ಸಾಕಾಗೇತಿ.”

“ನಾನೆಲ್ಲಿಗೆ ಹೋಗ್ಲಿ?” ಎಂದಳು ತಂಗಿ ಸುನೀತಾ. ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡವಳು ಅವಳೇ.

“ಸೋರೋ ಮನ್ಯಾಗೆ ಹೆಂಗಿರ್ತಿ? ರಿಪೇರಿಗೆ ಹತ್ತು ಲಕ್ಷ ಬೇಕು. ಇವರನ್ನೇ ಕೇಳು.”

ಮನೆ ದೊಡ್ಡ ರಸ್ತೆಗೆ ಹತ್ತಿಕೊಂಡಿತ್ತು. ನಾಲ್ಕು ಮಳಿಗೆ ಏಳುವ ಜಾಗ ಎಂದು ಬೆಳಿಗ್ಗೆ ಬಂದಾಗಲೇ ಬಕ್ಕೇಶ್ ಲೆಕ್ಕ ಹಾಕಿದ್ದ. ಹಾಕಿದ್ದಕ್ಕೆ ನಾಚಿಯೂ ಇದ್ದ. ಈಗ ಹತ್ತು ಎಂದರೆ ಮುಗಿಯಿತು, ಮನೆ ತನ್ನದು.

ಸುನೀತಾ ಅವನ ಮುಖವನ್ನೇ ನೋಡುತ್ತಿದ್ದಳು. ಬಕ್ಕೇಶ್ ಎದ್ದು ಹಿತ್ತಲಿಗೆ ಹೋದ. ಏಣಿ ಹಾಕಿ ಮಾಳಿಗೆ ಹತ್ತಿದ, ತೊಲೆಯ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಇಳಿದು ಬರುವಾಗ ಬಿಳಿ ಅಂಗಿ ಮಣ್ಣಾಗಿತ್ತು.

“ಎರಡು ಲಕ್ಷ,” ಎಂದ. “ಇನ್ನೊಂದು ನಲವತ್ತು ಸಾವಿರ ಕೈಯಾಗೆ ಇರ್ಲಿ. ಮನಿ ಗಟ್ಟಿ ಐತೆ.”

ಶಿವಮೂರ್ತಿ ಎದ್ದು ಚಪ್ಪಲಿ ಮೆಟ್ಟಿದ.

ಹೊರಗೆ ಮಳೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಹೆಣ ಮಲಗಿಸಿದ್ದ ಜಾಗದಲ್ಲಿ, ದೀಪದ ಪಕ್ಕ, ಒಂದು ಹನಿ ಬಿತ್ತು. ಸುನೀತಾ ಒಳಗಿಂದ ಬಕೆಟ್ ತಂದು ಹನಿಯ ಕೆಳಗಿಟ್ಟಳು. ದೀಪವನ್ನು ಕದಲಿಸಲಿಲ್ಲ.