ಅಜ್ಜಿಯ ನೆರಳನ್ನು ಮೆಲ್ಬರ್ನ್‌ಗೆ ಒಯ್ದದ್ದು

ಏಳು ಕಡಲಿನಾಚೆ, ಸಿಡ್ನಿಯ ಗಿರಾವೀನ್ ಎಂಬಲ್ಲಿ ಒಬ್ಬ ಮಹಾರಾಣಿ ಇದ್ದಳಂತೆ. ಅವಳ ರಾಜ್ಯವೆಂದರೆ ಒಂದು ಹಿತ್ತಿಲು, ಒಂದು ಮರದ ಬೇಲಿ, ಒಬ್ಬ ಮೊಮ್ಮಗಳು. ಮಹಾರಾಣಿ ಹುಬ್ಬಳ್ಳಿಯ ರುದ್ರವ್ವ. ಮೊಮ್ಮಗಳು ನಾನು, ಶಾಂಭವಿ. ಅಜ್ಜಿಯ ಕಥೆಗಳಲ್ಲಿ ಮಾತು ಕೊಟ್ಟವರು ಹುಲಿಯ ಹಾಲು ತರಲು ಹೊರಡುತ್ತಾರೆ. ನಾನು ಒಂದು ನೆರಳು ತಂದುಕೊಡುತ್ತೇನೆಂದು ಮಾತು ಕೊಟ್ಟಿದ್ದೆ.

ಮಾತು ಕೊಟ್ಟದ್ದು ಮಂಗಳೂರಿನ ಗೆಳತಿ ರೋಸಲಿನ್‌ಗೆ. ಮೆಲ್ಬರ್ನ್‌ನಲ್ಲಿ ಅವಳದೊಂದು ಪುಟ್ಟ ಗ್ಯಾಲರಿ. ನೂರು ವರ್ಷಗಳ ಹಿಂದೆ ಕೆಲವು ಕಲಾವಿದರು ಕ್ಯಾಮೆರಾವನ್ನೇ ಬದಿಗಿಟ್ಟು, ಬೆಳಕು ತಾಗಿದರೆ ಬಣ್ಣ ಬದಲಿಸುವ ಕಾಗದದ ಮೇಲೆ ಬಾಚಣಿಗೆ, ಬೀಗದ ಕೈ, ತಮ್ಮದೇ ಅಂಗೈ ಇಟ್ಟು ಫೋಟೋ ಮಾಡಿದ್ದರು. ಆ ಹುಚ್ಚಿಗೆ ಅವಳೊಂದು ಪ್ರದರ್ಶನ ಏರ್ಪಡಿಸಿದ್ದಳು. ನಾನು ಇಡೀ ಮನುಷ್ಯರನ್ನೇ ಬಟ್ಟೆಯ ಮೇಲೆ ಇಳಿಸುತ್ತೇನೆಂದು ಕೊಚ್ಚಿಕೊಂಡಿದ್ದೆ. ನನ್ನ ಕೆಲಸಕ್ಕೆ ಸಿಕ್ಕ ಮೊದಲ ಗೋಡೆ ಅದು.

"ಶುಕ್ರವಾರದೊಳಗೆ ಬರ್ಲಿಲ್ಲ ಅಂದ್ರೆ ಗೋಡೆ ಬೇರೆಯವ್ರಿಗೆ ಹೋಗ್ತದೆ ಮಾರಾಯ್ತಿ" ಎಂದಿದ್ದಳು ರೋಸಲಿನ್.

ರಾಸಾಯನಿಕ ಸವರಿ ಕತ್ತಲಲ್ಲಿ ಒಣಗಿಸಿದ ಬಟ್ಟೆಗಳು ಎರಡೇ ಇದ್ದವು. ಬಿಸಿಲು ಬಿದ್ದಲ್ಲಿ ನೀಲಿ, ನೆರಳು ಬಿದ್ದಲ್ಲಿ ಬಿಳಿ. ಒಂದನ್ನು ಹುಲ್ಲಿನ ಮೇಲೆ ಹಾಸಿ, ಅಜ್ಜಿಗೆ ಅಲುಗಾಡದೆ ಮಲಗು ಎಂದೆ. ಹಾಡಹಗಲು ಬಯಲಲ್ಲಿ ಬಿದ್ದುಕೊಂಡರೆ ಪಕ್ಕದ ಮನೆಯವರು ಆಂಬುಲೆನ್ಸ್ ಕರೆಯುತ್ತಾರೆಂದಳು. ಸರಿ, ಬೇಲಿಗೆ ಒರಗಿ ಕಾಲು ಮಡಚಿ ಕೂತುಕೋ ಎಂದೆ. ಅಜ್ಜಿ ಸೊಂಟಕ್ಕೆ ಕೈಯಿಟ್ಟಳು.

"ನಮ್ಮ ಮಂದ್ಯಾಗ ಸತ್ತವರನ್ನ ಹಂಗ ಕುಂಡ್ರಿಸಿ ಹೂಳ್ತಾರ. ನನಗಿನ್ನ ಅಷ್ಟು ಅವಸರ ಇಲ್ಲವಾ."

ಈ ವಾದ ಮುಗಿಯುವಷ್ಟರಲ್ಲಿ ಬಿಸಿಲಿಗೆ ಬಿದ್ದಿದ್ದ ಖಾಲಿ ಬಟ್ಟೆ ಪೂರ್ತಿ ನೀಲಿಯಾಗಿತ್ತು. ಉಳಿದದ್ದು ಒಂದೇ. ನನ್ನ ಮುಖ ನೋಡಿ ಅವಳಿಗೆ ಕರುಣೆ ಬಂದಿರಬೇಕು. ನಿಂತ ಹೆಣವನ್ನು ಯಾರೂ ಕಂಡಿಲ್ಲ, ಹಾಗಾಗಿ ನಿಲ್ಲುತ್ತೇನೆಂದಳು. ಆದರೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ಮಾತ್ರ ತನ್ನಿಂದಾಗದು.

ಕೊನೆಯ ಬಟ್ಟೆಯನ್ನು ಬೇಲಿಗೆ ಬಿಗಿದೆ. ಅಜ್ಜಿ ಅದಕ್ಕೆ ಬೆನ್ನು ಹಚ್ಚಿ, ಬಿಸಿಲಿಗೆ ಮುಖಮಾಡಿ ನಿಂತು, ಕಥೆ ಶುರುಮಾಡಿದಳು. ಮೈ ಮಿಸುಕಲಿಲ್ಲ, ನಿಜ. ಕೈಗಳು? ರಾಕ್ಷಸ ಬಂದಾಗ ಮೇಲೆದ್ದವು, ಕುದುರೆ ಓಡಿದಾಗ ಹಾರಿದವು, ರಾಜಕುಮಾರಿ ಅತ್ತಾಗ ಗಾಳಿಯಲ್ಲೇ ಕಣ್ಣೀರು ಒರೆಸಿದವು. ನೆರಳು ಕಲಸಿಹೋಗುತ್ತದೆ, ಕೈ ಇಳಿಸು ಎಂದು ಬೇಡಿಕೊಂಡೆ. ರಾಕ್ಷಸ ಇನ್ನೂ ಸತ್ತಿಲ್ಲ ಎಂದಳು.

ಬಟ್ಟೆಯನ್ನು ನೀರಿನಲ್ಲಿ ಜಾಲಾಡಿಸಿದಾಗ ಇದೂ ಕೆಟ್ಟಿತು ಅಂದುಕೊಂಡೆ. ನಡುವೆ ಬೆಳ್ಳಗೆ ಅಜ್ಜಿ. ಅವಳ ಎರಡೂ ಬದಿಗೆ ಲೆಕ್ಕವಿಲ್ಲದಷ್ಟು ಕೈಗಳು, ಹೊಗೆಯಂತೆ, ರೆಕ್ಕೆಯಂತೆ. ಮತ್ತೊಂದು ಮಾಡಲು ಬಟ್ಟೆಯೂ ಇಲ್ಲ, ಸಮಯವೂ ಇಲ್ಲ. ಅದನ್ನೇ ಸುತ್ತಿಕೊಂಡು ಮೆಲ್ಬರ್ನ್‌ಗೆ ಹಾರಿದೆವು. ಎಲ್ಲಿ ನೇತುಹಾಕುತ್ತಾರೋ ನೋಡಬೇಕೆಂದು ಅಜ್ಜಿಯೂ ಬಂದಳು.

ರೋಸಲಿನ್ ಬಟ್ಟೆ ಬಿಡಿಸಿ ಆ ಕೈಗಳನ್ನು ಎಣಿಸತೊಡಗಿದಳು. ನಾನು ಕ್ಷಮೆಯ ಮಾತು ಜೋಡಿಸುತ್ತಿದ್ದೆ.

"ಅಜ್ಜಿ, ಇಷ್ಟು ಕೈ ಎಲ್ಲಿಂದ ಬಂತು?" ಎಂದು ಕೇಳಿದಳು.

"ಕಥಿ ಹೇಳೂವಾಗ ಎರಡು ಸಾಲಂಗಿಲ್ಲವಾ."

ರೋಸಲಿನ್ ಏಣಿ ತಂದಳು. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು. ಎಡಕ್ಕೆ ಸ್ವಲ್ಪ ಮೇಲೆ, ಎಂದು ಅಜ್ಜಿ ಕೆಳಗಿನಿಂದ ಅಪ್ಪಣೆ ಕೊಟ್ಟಳು. ಮೊಳೆ ಹೊಡೆದೆವು, ನೆರಳು ಗೋಡೆಯ ಮೇಲೆ ನಿಂತಿತು.