ಅವ್ವನ ಎಡಗಣ್ಣು

ನನ್ನ ಮಗ ಗಿಚುಹಿ ತನ್ನ ಮಗಳನ್ನು ಅವ್ವ ಎಂದೇ ಕರೆಯುತ್ತಾನೆ. ಚೊಚ್ಚಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರಿಡುವುದು ನಮ್ಮ ರೂಢಿ. ಹೆಸರಿಟ್ಟ ಮೇಲೆ ಆ ಮಗು ಆ ತಾಯಿಯೇ. ಹಾಗಾಗಿ ಮನೆಯಲ್ಲಿ ನಾನೂ ವಂಗೆಚಿ, ಅವಳೂ ವಂಗೆಚಿ. ನನ್ನ ಗಂಡ ಬದುಕಿದ್ದಾಗ, "ನನ್ನ ಹೊಸ ಹೆಂಡತಿಗೆ ಮೊದಲು ಚಹಾ ಕೊಡು" ಎಂದು ನನ್ನನ್ನು ಕೆಣಕುತ್ತಿದ್ದರು. ನಾನು ಅವಳನ್ನು ಈಗಲೂ ಸವತಿ ಎನ್ನುತ್ತೇನೆ.

ಈ ಸವತಿಗೆ ಕ್ರೇನ್ ನಡೆಸುವ ಹುಚ್ಚು. ನೈರೋಬಿಯಲ್ಲಿ ದೊಡ್ಡ ಕಟ್ಟಡಗಳ ಪಕ್ಕ ಮೋಡಕ್ಕೆ ತಲೆ ಕೊಟ್ಟು ನಿಂತಿರುತ್ತದಲ್ಲ, ಆ ಹಳದಿ ಕ್ರೇನು. ತರಬೇತಿಗೆ ಸೇರಿಯೂ ಸೇರಿದಳು. ಆದರೆ ಅವಳ ಬಲಗಣ್ಣು ಹದ್ದಿನದು, ಎಡಗಣ್ಣು ಹಬೆ ಹಿಡಿದ ಕಿಟಕಿ. ಕನ್ನಡಕ ಹಾಕಿಕೊಂಡರೆ ಒಂದು ಕಣ್ಣಿಗೆ ಹಸು ದೊಡ್ಡದು, ಇನ್ನೊಂದಕ್ಕೆ ಅದೇ ಹಸು ಚಿಕ್ಕದು. ತಲೆ ತಿರುಗಿ ವಾಂತಿ. ಕಣ್ಣೊಳಗೆ ಇಟ್ಟುಕೊಳ್ಳುವ ಲೆನ್ಸ್ ನಮ್ಮ ನೈವಾಶದ ಧೂಳಿಗೆ ಒಗ್ಗಲಿಲ್ಲ, ಕಣ್ಣು ಟೊಮೇಟೊ ಹಾಗೆ ಊದಿತು. ಒಂದು ದಿನ ಅವಳು ಮೇಲಿನಿಂದ ಇಳಿಸಿದ ಇಟ್ಟಿಗೆಯ ಹೊರೆ ಗುರುತು ಮಾಡಿದ ಜಾಗ ಬಿಟ್ಟು ನೀರಿನ ಪೀಪಾಯಿಯ ಮೇಲೆ ಕೂತಿತು. ಜನಕ್ಕೆ ಏನೂ ಆಗಲಿಲ್ಲ, ಪೀಪಾಯಿ ಚಪಾತಿಯಾಯಿತು.

"ಎರಡು ಕಣ್ಣೂ ಕೂಡಿ ನೋಡೋವರೆಗೆ ನೀನು ಮೇಲೆ ಹತ್ತಂಗಿಲ್ಲ," ಎಂದರು ಮೇಷ್ಟ್ರು. ಮಳೆಗಾಲ ಮುಗಿಯುವವರೆಗೆ ಜಾಗ ಹಿಡಿದಿಡುತ್ತೇನೆ, ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದೂ ಹೇಳಿ ಕಳಿಸಿದರು.

ಎಡಗಣ್ಣು ನೋಡುವುದನ್ನು ಇನ್ನೂ ಮರೆತಿಲ್ಲ, ಲೇಸರ್ ಹಾಕಿದರೆ ಸರಿಹೋಗುತ್ತದೆ ಎಂದರು ಕಣ್ಣಿನ ಡಾಕ್ಟರು. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಆದರೆ ಗಿಚುಹಿ ಹೂವಿನ ಕಂಪನಿಯ ಲಾರಿ ಓಡಿಸುತ್ತಾನೆ. ಕಂಪನಿ ಅವನಿಗೂ ಹೆಂಡತಿಗೂ ಓದುವ ಮಕ್ಕಳಿಗೂ ಖಾಸಗಿ ಆರೋಗ್ಯ ವಿಮೆ ಮಾಡಿಸಿದೆ. ಚೆಂದ ಕಾಣಲಿ ಎಂದು ಕನ್ನಡಕ ಬಿಡುವವರಿಗೆ ವಿಮೆಯವರು ಲೇಸರಿನ ದುಡ್ಡು ಕೊಡುವುದಿಲ್ಲ. ಕನ್ನಡಕದಿಂದ ಉಪಯೋಗವೇ ಇಲ್ಲದವರಿಗೆ ಕೊಡುತ್ತಾರೆ. ನಮ್ಮದು ಎರಡನೆಯದು. ಗಿಚುಹಿ ಲಾರಿ ಪಕ್ಕಕ್ಕೆ ನಿಲ್ಲಿಸಿ, ಅಲ್ಲಿಂದಲೇ ಅವರಿಗೆ ಫೋನು ಮಾಡಿದ.

ಉತ್ತರ ಮೊಬೈಲಿಗೆ ಬಂತು. ಅವನು ಓದಿ ಕೆಂಡವಾದ. ನಾನು ಇಸಿದುಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಸದಸ್ಯರ ತಾಯಿಗೆ ಈ ವಿಮೆ ಅನ್ವಯಿಸುವುದಿಲ್ಲ ಎಂದಿತ್ತು.

"ಗಿಚುಹಿ, ಫೋನಲ್ಲಿ ಏನಂದೆ?"

"ಏನನ್ನಲಿ? ಅವ್ವನ ಎಡಗಣ್ಣಿಗೆ ಲೇಸರ್ ಹಾಕಿಸ್ಬೇಕು ಅಂದೆ. ಅವ್ವನ ಹೆಸರು ವಂಗೆಚಿ ಅಂದೆ."

ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಮಾತ್ರ ನಗಲಿಲ್ಲ. ಹೊರಗೆ ಮಳೆ ಆಗಲೇ ತೆಳುವಾಗುತ್ತಿತ್ತು.

ಮರುದಿನ ಮೂವರೂ ನಕುರುವಿನಲ್ಲಿರುವ ವಿಮೆ ಕಚೇರಿಗೆ ಹೋದೆವು. ಮೇಜಿನ ಹಿಂದೆ ಇದ್ದವಳು ಅಚಿಯೆಂಗ್ ಎಂಬ ಹೆಂಗಸು, ಪಶ್ಚಿಮದ ಸರೋವರದ ಕಡೆಯವಳು.

"ವಂಗೆಚಿ ಯಾರು?"

"ನಾನು," ಎಂದೆವು ಇಬ್ಬರೂ.

ಅವಳು ಕತ್ತೆತ್ತಿದಳು. "ಕಣ್ಣು ಯಾರದ್ದು?"

"ನಮ್ಮವ್ವಂದು," ಎಂದು ಗಿಚುಹಿ ಮಗಳ ಹೆಗಲ ಮೇಲೆ ಕೈ ಇಟ್ಟ.

"ಹಾಗಾದ್ರೆ ಈ ಅಜ್ಜಿ?"

"ಅವರೂ ನಮ್ಮವ್ವನೇ. ಇವರು ನನ್ನ ಹೆತ್ತ ಅವ್ವ, ಇವಳು ನಾನು ಹೆತ್ತ ಅವ್ವ."

ಅಚಿಯೆಂಗ್ ಪೆನ್ನು ಕೆಳಗಿಟ್ಟಳು. "ನಾನು ನಡುಹಗಲು ಬಿಸಿಲಲ್ಲಿ ಹುಟ್ದೆ, ಅದಕ್ಕೇ ಅಚಿಯೆಂಗ್ ಅಂತ ಹೆಸರು. ನಿಮ್ಮ ಕಡೆ ಹುಟ್ಟುವಾಗ್ಲೇ ಅಜ್ಜಿಯಾಗಿ ಹುಟ್ತಾರೇನಪ್ಪಾ?"

"ಹೂಂ ತಾಯಿ," ಎಂದೆ ನಾನು. "ಇವಳು ನನ್ನ ಸವತಿ ಕೂಡ."

"ಅಯ್ಯೋ ಸಾಕಜ್ಜಿ, ಅದನ್ನ ಕಂಪ್ಯೂಟರ್‌ಗೆ ಹೇಳ್ಬೇಡಿ!" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಡಾಕ್ಟರ ಚೀಟಿಯನ್ನು ನಿಧಾನವಾಗಿ ಓದಿ ಹುಡುಗಿಯನ್ನು ಕೇಳಿದಳು: "ಚೆಂದಕ್ಕಲ್ಲ ತಾನೆ?"

"ಚೆಂದ ಕಟ್ಕೊಂಡು ಏನ್ ಮಾಡ್ಲಿ ಅಕ್ಕಾ? ಅಲ್ಲಿ ಮೇಲೆ ನನ್ನನ್ನ ನೋಡೋರು ಹದ್ದುಗಳು ಮಾತ್ರ."

ತಾಯಿ ಎಂದಿದ್ದ ಕಡೆ ಮಗಳು ಎಂದು ತಿದ್ದಿ, ಅಚಿಯೆಂಗ್ ಅದನ್ನು ಮೇಲಿನವರಿಗೆ ಕಳಿಸಿದಳು. ಒಪ್ಪಿಗೆ ಬಂದ ದಿನ ನಾವು ಗಿಥೆರಿ ಬೇಯಿಸಲು ಮೆಕ್ಕೆಜೋಳದ ಕಾಳು ಬಿಡಿಸುತ್ತಿದ್ದೆವು. ಎಡಗಣ್ಣಿನ ಖರ್ಚು ಪೂರ್ತಿ ವಿಮೆಯದು. ಹುಡುಗಿ ಎದ್ದು ಕುಣಿದ ರಭಸಕ್ಕೆ ಕಾಳೆಲ್ಲ ಕೋಳಿಗಳ ಪಾಲಾಯಿತು.

ನೈರೋಬಿಯ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡರು. ಹೊರಗೆ ನಮಗಾಗಿ ಒಂದು ಪರದೆ ಇತ್ತು. ಅದರಲ್ಲಿ ಅವಳ ಕಣ್ಣು ಹುಣ್ಣಿಮೆಯ ಚಂದ್ರನಷ್ಟು ದೊಡ್ಡದಾಗಿ ಮೂಡಿತು. ಪಾಪೆಯ ಸುತ್ತಲಿನ ಕಂದು ಬಣ್ಣದ ಬಳೆಯಲ್ಲಿ ಹೊಲದ ಸಾಲುಗಳಂಥ ಗೆರೆಗಳು. ಅವಳು ಹುಟ್ಟಿದಾಗಿನಿಂದ ನಾನು ನೋಡುತ್ತ ಬಂದ ಕಣ್ಣು, ಆದರೂ ನೋಡೇ ಇರಲಿಲ್ಲ ಅನ್ನಿಸಿತು. ಕಣ್ಣಿನ ಮೇಲಿನ ಪದರವನ್ನು ಪುಟದಂತೆ ಮೆಲ್ಲಗೆ ಮಗುಚಿದರು. ಗಿಚುಹಿ ಮುಖ ತಿರುಗಿಸಿಕೊಂಡ. ನಾನು ತಿರುಗಿಸಲಿಲ್ಲ. ಚಾಕು ಇಲ್ಲ, ರಕ್ತ ಇಲ್ಲ. ಕಣ್ಣಿಗೆ ಕಾಣದ ಬೆಳಕೊಂದು ಟಿಕ್ ಟಿಕ್ ಎನ್ನುತ್ತ ಅವಳ ಕಣ್ಣನ್ನೇ ಉಜ್ಜಿ ತಿದ್ದುತ್ತಿತ್ತು. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ. ನಾನು ತಲೆಯ ವಸ್ತ್ರ ಸರಿಮಾಡಿಕೊಂಡು, ಚರ್ಚಿನಲ್ಲಿ ನಿಲ್ಲುವ ಹಾಗೆ ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ನನಗೇ ಗೊತ್ತಿಲ್ಲ.

"ಸುಟ್ಟ ಕೂದಲಿನ ವಾಸನೆ ಬಂತು, ಅಷ್ಟೇ," ಎಂದಳು ಅವಳು ಹೊರಗೆ ಬಂದು.

ಮಾರನೆಯ ಬೆಳಿಗ್ಗೆ ಕಣ್ಣಿನ ಮುಚ್ಚಳ ತೆಗೆದರು. ಅವಳು ಡಾಕ್ಟರನ್ನು ನೋಡಲಿಲ್ಲ, ಕಿಟಕಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಕೈ ಚಾಚಿ ನನ್ನ ಮೂಗಿನ ತುದಿಯ ಮೇಲೆ ಬೆರಳಿಟ್ಟಳು, ಎಲ್ಲೂ ತಡವರಿಸದೆ.

"ಶೋಶೋ, ಅಜ್ಜೀ, ನಿನ್ನ ಮೂಗು ಮುಂದಕ್ಕೆ ಬಂದಿದೆ!"

"ಮೊದಲಿಂದಲೂ ಅಲ್ಲೇ ಇತ್ತು ಕಣೇ ಸವತಿ."

"ಇಲ್ಲ. ನನಗೆ ನೀನು ಗೋಡೆ ಮೇಲಿನ ಫೋಟೋ ಥರ ಇದ್ದೆ."

ಅವಳು ಅತ್ತಳು. ಕಣ್ಣು ಉಜ್ಜಬೇಡ ಎಂದು ನರ್ಸು ಗದರಿದಳು.

ಡಾಕ್ಟರು ಹೂಂ ಎಂದ ಮೇಲೆ, ಮಳೆ ಪೂರ್ತಿ ನಿಲ್ಲುವ ಮೊದಲೇ ಅವಳು ತರಬೇತಿಗೆ ಮರಳಿದಳು. ಪರೀಕ್ಷೆಯ ದಿನ ನಾನೂ ಹೋಗಿ ಗೇಟಿನ ಹತ್ತಿರ ನಿಂತೆ. ಮೇಷ್ಟ್ರು ಬೇಕೆಂದೇ ಗುರುತಿನ ಪಕ್ಕದಲ್ಲಿ ಹೊಸ ಪೀಪಾಯಿ ಇಡಿಸಿದ್ದರು, ನೀರು ತುಂಬಿಸಿ. ಆಕಾಶದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುವ ಕೋಣೆಯಲ್ಲಿ ಅವಳಿದ್ದಳು. ಇಟ್ಟಿಗೆಯ ಹೊರೆ ತೂಗುತ್ತ, ಇಳಿಯುತ್ತ ಬಂದು ಮಲಗಿದ ಮಗುವನ್ನು ತೊಟ್ಟಿಲಲ್ಲಿಟ್ಟ ಹಾಗೆ ಗುರುತಿನ ಮೇಲೆ ಕೂತಿತು. ಪೀಪಾಯಿಯ ನೀರು ಅಲುಗಲಿಲ್ಲ.

ಗೇಟು ಕಾಯುವವನು ಬಾಯಿ ತೆರೆದು ಮೇಲೆ ನೋಡುತ್ತಿದ್ದ. "ಅಬ್ಬಾ! ಯಾರಜ್ಜಿ ಮೇಲಿರೋದು?"

"ವಂಗೆಚಿ," ಎಂದೆ.

"ಮತ್ತೆ ನೀವು?"

ನನಗೆ ಕತ್ತು ಕೆಳಗಿಳಿಸಲು ಮನಸ್ಸಾಗಲಿಲ್ಲ.

"ನಾನೂ ಅಲ್ಲೇ ಇದ್ದೀನಪ್ಪಾ," ಎಂದೆ.